ರೋಗನಿರೋಧಕ ಶಕ್ತಿಗೂ ತಡೆ ಬೇಕು

ಆರೋಗ್ಯ ತಪಾಸಣೆಯ ಶಿಬಿರಗಳಲ್ಲಿ ಸದ್ಭಕ್ತರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಪ್ರಶ್ನೆಯು 2020ರಿಂದೀಚೆಗೆ ಉಳಿದೆಲ್ಲ ಪ್ರಶ್ನೆಗಳನ್ನು ಹಿಂದಿಕ್ಕಿದೆ. ರೋಗನಿರೋಧಕ ಶಕ್ತಿ ಹೆಚ್ಚಾಗಲು ಏನು ಸೇವಿಸಬೇಕು ಎಂಬುದೇ ಆ ಪ್ರಶ್ನೆ. ಬೆಳಗಾವಿಯ ಖಡೇಬಜಾರಿನಿಂದ ಹಿಡಿದು ಖಾನಾಪುರದ ಸಂತೆಯವರೆಗೆ ಈ ಶಕ್ತಿಯನ್ನು ಹೆಚ್ಚಿಸುತ್ತೇವೆಂದು ಹೇಳಿಕೊಳ್ಳುವ ಚೂರ್ಣ, ಗುಳಿಗೆ, ಕಷಾಯಗಳು ಬಗೆಬಗೆಯ ಡಬ್ಬಿಗಳಲ್ಲಿ ಮಾರಾಟಕ್ಕಿವೆ. ಆ ಶಕ್ತಿ ಎಷ್ಟಿದ್ದರೆ ಸಾಕು, ಮಿತಿ ಮೀರಿದರೆ ಏನಾಗುತ್ತದೆ ಎಂದು ಕೇಳಿದವರನ್ನು ಮಾತ್ರ ನಾವು ಈವರೆಗೆ ಕಂಡಿಲ್ಲ. ಈ ತಿಂಗಳ ಲೇಖನವು ಆ ಕೇಳದ ಪ್ರಶ್ನೆಯನ್ನು ಕುರಿತದ್ದು.

ನಮ್ಮ ಆಯುರ್ವೇದ ಶಾಸ್ತ್ರವು ಇದನ್ನು ವ್ಯಾಧಿಕ್ಷಮತ್ವವೆಂದು ಕರೆದಿದೆ. ಚರಕಸಂಹಿತೆಗೆ ವ್ಯಾಖ್ಯಾನ ಬರೆದ ಚಕ್ರಪಾಣಿದತ್ತನು ಈ ಪದದೊಳಗೆ ಎರಡು ಅಂಶಗಳನ್ನು ಗುರುತಿಸಿದ್ದಾನೆ: ಬಂದ ವ್ಯಾಧಿಯ ಬಲವನ್ನು ಎದುರಿಸುವುದು ಒಂದು, ವ್ಯಾಧಿ ಹುಟ್ಟದಂತೆ ತಡೆಯುವುದು ಮತ್ತೊಂದು. ಅದಕ್ಕಿಂತಲೂ ನಮ್ಮ ಗಮನವನ್ನು ಸೆಳೆಯುವುದು 'ಕ್ಷಮ' ಎಂಬ ಮಾತು. ಸಮರ್ಥನಾಗಿರುವುದು ಎಂಬ ಅರ್ಥವೂ ಸಹಿಸಿಕೊಳ್ಳುವುದು ಎಂಬ ಅರ್ಥವೂ ಆ ಒಂದೇ ಧಾತುವಿನಲ್ಲಿ ಅಡಗಿವೆ. ಹಾಗೆಂದು, ಇಂದಿನ ವಿಜ್ಞಾನ ಕಂಡುಕೊಂಡಿರುವ ಟಿ ಕೋಶಗಳ ವಿಚಾರವೆಲ್ಲ ಚರಕನಿಗೆ ಮೊದಲೇ ತಿಳಿದಿತ್ತೆಂದು ವಾದಿಸುವವರ ಸಾಲಿಗೆ ನಾವು ಸೇರಿದವರಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅದು ತಿಳಿಯುವಂತಿರಲಿಲ್ಲ, ತಿಳಿಯದಿದ್ದುದರಿಂದ ಚರಕನ ಹಿರಿಮೆಗೆ ಕುಂದೂ ಇಲ್ಲ. ಆದರೆ ಎದುರಿಸುವ ಬಲದೊಡನೆ ಸಹಿಸುವ ಬಲವೂ ದೇಹಕ್ಕೆ ಬೇಕೆಂಬ ಮಾತು ಕಳೆದ ಮೂರು ದಶಕಗಳಲ್ಲಿ ಪ್ರಯೋಗಶಾಲೆಗಳಲ್ಲಿ ಬಹು ವಿವರವಾಗಿ ತೆರೆದುಕೊಂಡಿದೆ. ಅದನ್ನು ತಿಳಿಯದೆ ಚೂರ್ಣದ ಡಬ್ಬಿಗೆ ಕೈ ಹಾಕುವುದು ಕೆಲವರ ಪಾಲಿಗೆ ಅಪಾಯಕಾರಿ. ಆ ಕೆಲವರು ಯಾರೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ಸೀಮೆಯ ಜಾತ್ರೆಗಳಲ್ಲಿ ತೇರು ಎಳೆಯುವುದನ್ನು ಕಾಣದವರಿಲ್ಲ. ಹಗ್ಗ ಹಿಡಿದ ನೂರಾರು ಜನರ ಮೇಲೆ ಎಲ್ಲರ ಕಣ್ಣು. ಆದರೆ ಗಾಲಿಯ ಪಕ್ಕದಲ್ಲೇ ಮರದ ಸನ್ನೆ ಹಿಡಿದು ಬಗ್ಗಿ ನಡೆಯುವ ನಾಲ್ಕಾರು ಮಂದಿಯನ್ನು ನೋಡುವವರು ಕಡಿಮೆ. ಇಳಿಜಾರಿನಲ್ಲಿ ತೇರು ಜನರ ಮೇಲೆ ಹರಿಯದಂತೆ, ತಿರುವಿನಲ್ಲಿ ಮನೆಯ ಗೋಡೆಗೆ ತಾಗದಂತೆ ಗಾಲಿಗೆ ಸನ್ನೆ ಕೊಡುವವರು ಅವರೇ. ಅವರಿಲ್ಲದಿದ್ದರೆ ತೇರು ಅನಾಹುತ ಮಾಡುತ್ತದೆ. ಕೊಟ್ಟ ಸನ್ನೆಯನ್ನು ಅವರು ತೆಗೆಯದೆ ಹೋದರೆ, ಎಳೆಯುವವರು ಎಷ್ಟೇ ಮಂದಿಯಿದ್ದರೂ ತೇರು ನಿಂತಲ್ಲಿಂದ ಕದಲುವುದಿಲ್ಲ. ನಮ್ಮ ರಕ್ತದಲ್ಲಿ ಸಂಚರಿಸುವ ಟಿ ಕೋಶಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ.

ಟಿ ಕೋಶಗಳು ಬಿಳಿ ರಕ್ತಕಣಗಳ ಒಂದು ಬಗೆ. ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಗೂಡಿನ ಮೇಲ್ಭಾಗದಲ್ಲಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಪಳಗಿ ಹೊರಬರುತ್ತವೆ. ವೈರಾಣು ಒಂದು ಜೀವಕೋಶವನ್ನು ಹೊಕ್ಕಾಗ ಆ ಕೋಶವು ತನ್ನೊಳಗಿನ ವೈರಾಣುವಿನ ಪ್ರೋಟೀನಿನ ಚೂರನ್ನು ಹೊರಮೈಯಲ್ಲಿ ಎತ್ತಿ ತೋರಿಸುತ್ತದೆ. ಆ ಚೂರನ್ನು ಗುರುತಿಸಬಲ್ಲ ಟಿ ಕೋಶ ಎದುರಾದರೆ ಸೋಂಕಿತ ಕೋಶವನ್ನು ಕೊಂದು ಹಾಕುತ್ತದೆ. ವೈರಾಣು ಕೋಶದ ಒಳಗೇ ಸಂತಾನ ಬೆಳೆಸುವುದರಿಂದ, ಅದನ್ನು ಅಳಿಸಬೇಕಾದರೆ ಬಹುತೇಕ ಅದು ಹೊಕ್ಕ ಮನೆಯನ್ನೇ ಕೆಡವಬೇಕಾಗುತ್ತದೆ. ಓದುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ವೈರಾಣು ಜ್ವರಗಳಲ್ಲಿ ನಮ್ಮ ಅಂಗಗಳಿಗೆ ಆಗುವ ಹಾನಿಯಲ್ಲಿ ಸ್ವಲ್ಪ ಭಾಗ ವೈರಾಣುವಿನದು, ಸ್ವಲ್ಪ ಭಾಗ ನಮ್ಮದೇ ಸೈನ್ಯದ್ದು. ಎರಡನೆಯದೇ ಹೆಚ್ಚಾಗಿರುವ ರೋಗಗಳೂ ಉಂಟು.

ಟಿ ಕೋಶದ ಮೈಮೇಲೆ ಹಲವು ಗ್ರಾಹಕಗಳಿವೆ. ಗ್ರಾಹಕವೆಂದರೆ ಅಂಗಡಿಗೆ ಬರುವ ಗಿರಾಕಿಯಲ್ಲ. ಕೋಶದ ಹೊರಪೊರೆಯಲ್ಲಿ ತಲೆ ಹೊರಗೆ, ಬಾಲ ಒಳಗೆ ಮಾಡಿ ನಿಂತಿರುವ ಒಂದು ಪ್ರೋಟೀನು. ಹೊರಗಿನ ತಲೆಗೆ ಹೊಂದುವ ಇನ್ನೊಂದು ಪ್ರೋಟೀನು ಬಂದು ಕೂಡಿದರೆ ಒಳಗಿನ ಬಾಲವು ಕೋಶಕ್ಕೆ ಸಂದೇಶ ಕೊಡುತ್ತದೆ. ವೈರಾಣುವಿನ ಚೂರನ್ನು ಗುರುತಿಸಿದೊಡನೆ ಟಿ ಕೋಶ ಯುದ್ಧಕ್ಕೆ ಹೊರಡುವುದಿಲ್ಲ. ಅದಕ್ಕೆ ಎರಡನೆಯ ಅಪ್ಪಣೆಯೂ ಬೇಕು. ಸಿ.ಡಿ.-28 ಎಂಬ ಗ್ರಾಹಕದ ಮೂಲಕ ಆ ಅಪ್ಪಣೆ ದೊರೆತಾಗ ಕೋಶವು ಒಂದು ಎರಡಾಗಿ, ಎರಡು ನಾಲ್ಕಾಗಿ, ವಾರದೊಳಗೆ ಸಾವಿರಾರು ಮರಿಕೋಶಗಳಾಗಿ ಬೆಳೆಯುತ್ತದೆ.

ಸನ್ನೆ ಹಿಡಿದವರು ಬರುವುದು ಈ ಹಂತದಲ್ಲಿ. ಚುರುಕುಗೊಂಡ ಟಿ ಕೋಶವು ತನ್ನ ಮೈಮೇಲೆ ತಾನೇ ತಡೆಗ್ರಾಹಕಗಳನ್ನು ತಂದು ನಿಲ್ಲಿಸಿಕೊಳ್ಳುತ್ತದೆ. ಸಿ.ಟಿ.ಎಲ್.ಎ.-4 ಎಂಬುದು ಅವುಗಳಲ್ಲೊಂದು. ಸಿ.ಡಿ.-28 ಯಾವ ಪ್ರೋಟೀನಿಗೆ ಕೂಡಿಕೊಳ್ಳಬೇಕೋ ಅದಕ್ಕೇ ಇದು ಇನ್ನೂ ಬಿಗಿಯಾಗಿ ಅಂಟಿಕೊಂಡು, ಎರಡನೆಯ ಅಪ್ಪಣೆ ಸಿಗದಂತೆ ಮಾಡುತ್ತದೆ. ಮತ್ತೊಂದು ಪಿ.ಡಿ.-1. ಇದಕ್ಕೆ ಹೊಂದುವ ಪಿ.ಡಿ.-ಎಲ್-1 ಎಂಬ ಪ್ರೋಟೀನನ್ನು ಶ್ವಾಸಕೋಶ, ಯಕೃತ್ತು ಮೊದಲಾದ ಅಂಗಗಳ ಸಾಮಾನ್ಯ ಕೋಶಗಳೇ ಮೇಲೆತ್ತಿ ಹಿಡಿಯುತ್ತವೆ. ಅದನ್ನು ಮೇಲೆತ್ತುವಂತೆ ಅವಕ್ಕೆ ಸೂಚನೆ ಕೊಡುವುದಾದರೂ ಟಿ ಕೋಶಗಳೇ ಯುದ್ಧದ ವೇಳೆ ಸುರಿಸುವ ಇಂಟರ್‌ಫೆರಾನ್ ಎಂಬ ರಸ. ಅಂದರೆ ಹೊಡೆತ ಜೋರಾದಷ್ಟೂ 'ಸಾಕು ಮಾಡು' ಎಂಬ ಬೇಡಿಕೆಯೂ ಜೋರಾಗುವ ಏರ್ಪಾಡು ಇದು. ಲ್ಯಾಗ್-3, ಟಿಮ್-3, ಟಿಜಿಟ್ ಎಂಬ ಬೇರೆ ತಡೆಗ್ರಾಹಕಗಳೂ ಇವೆ. ಅವುಗಳ ವಿವರಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ.

ಪಿ.ಡಿ.-1ನ್ನು 1992ರಲ್ಲಿ ಕಂಡುಹಿಡಿದವರು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತಸುಕು ಹೊಂಜೊ ಮತ್ತು ಅವರ ಸಂಗಡಿಗರು. ಸಾಯುತ್ತಿರುವ ಕೋಶಗಳಲ್ಲಿ ಯಾವ ವಂಶವಾಹಿ ಎಚ್ಚೆತ್ತಿರುತ್ತದೆಂದು ಹುಡುಕುವಾಗ ಅದು ಕೈಗೆ ಸಿಕ್ಕಿತು. ಆದಕಾರಣ ಅದಕ್ಕೆ ಮರಣಸೂಚಕವಾದ ಹೆಸರು ಬಂತು. ಅದರ ನಿಜವಾದ ಕೆಲಸ ಕೊಲ್ಲುವುದಲ್ಲ, ತಡೆಯುವುದು ಎಂದು ಗೊತ್ತಾದದ್ದು ಆಮೇಲೆ. ಸಿ.ಟಿ.ಎಲ್.ಎ.-4ರ ತಡೆಯನ್ನು ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ದಾರಿ ತೋರಿದ ಅಮೆರಿಕದ ಜೇಮ್ಸ್ ಆಲಿಸನ್ ಹಾಗೂ ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ಒಟ್ಟಿಗೆ ಸಂದಿತು.

ಈ ತಡೆಗಳು ಇಲ್ಲದಿದ್ದರೆ ಏನಾಗುತ್ತಿತ್ತು? 1995ರಲ್ಲಿ ಸಿ.ಟಿ.ಎಲ್.ಎ.-4ರ ವಂಶವಾಹಿಯನ್ನು ತೆಗೆದುಹಾಕಿ ಇಲಿಗಳನ್ನು ಬೆಳೆಸಿ ನೋಡಿದರು. ಆ ಇಲಿಗಳು ಹುಟ್ಟಿದ ಮೂರು ನಾಲ್ಕು ವಾರಗಳಲ್ಲೇ ಸತ್ತವು. ಅವುಗಳಿಗೆ ಯಾವ ಸೋಂಕೂ ತಗುಲಿರಲಿಲ್ಲ. ಅವುಗಳದೇ ಟಿ ಕೋಶಗಳು ಮಿತಿಯಿಲ್ಲದೆ ಬೆಳೆದು ಹೃದಯವನ್ನೂ ಇತರ ಅಂಗಗಳನ್ನೂ ಹೊಕ್ಕು ಕೆಡಿಸಿದ್ದವು. ರೋಗನಿರೋಧಕ ಶಕ್ತಿ ಹೆಚ್ಚಬೇಕೆಂದು ಹಂಬಲಿಸುವವರಿಗೆ ನಾವು ಈ ಇಲಿಗಳ ಕಥೆಯನ್ನು ಹೇಳುವುದುಂಟು. ಅವುಗಳಲ್ಲಿ ಆ ಶಕ್ತಿ ಹೆಚ್ಚೇ ಇತ್ತು.

ಮನುಷ್ಯರಲ್ಲಿಯೂ ಇದರ ಒಂದು ಮುಖವನ್ನು ನಾವೆಲ್ಲ ಕೋವಿಡ್ ಕಾಲದಲ್ಲಿ ಕಂಡೆವು. ಮೊದಲ ವಾರ ಜ್ವರ, ಕೆಮ್ಮು. ಎರಡನೆಯ ವಾರದಲ್ಲಿ ಕೆಲವರಿಗೆ ಉಸಿರಾಟ ಕುಸಿಯುತ್ತಿತ್ತು. ಆ ಹೊತ್ತಿಗೆ ಅನೇಕರಲ್ಲಿ ವೈರಾಣುವಿನ ಪ್ರಮಾಣ ಇಳಿಯತೊಡಗಿರುತ್ತಿತ್ತು. ಶ್ವಾಸಕೋಶವನ್ನು ಸುಡುತ್ತಿದ್ದುದು ಹತೋಟಿ ತಪ್ಪಿದ ಉರಿಯೂತ. 2020ರ ಜೂನಿನಲ್ಲಿ ಇಂಗ್ಲೆಂಡಿನಿಂದ ಹೊರಬಂದ ದೊಡ್ಡ ಪ್ರಯೋಗವೊಂದು, ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧಿಯು ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗಿಸಿತೆಂದು ತೋರಿಸಿತು. ಆಮ್ಲಜನಕದ ಅಗತ್ಯವಿಲ್ಲದ ಸೌಮ್ಯ ರೋಗಿಗಳಿಗೆ ಅದೇ ಔಷಧಿಯಿಂದ ಯಾವ ಪ್ರಯೋಜನವೂ ಆಗಲಿಲ್ಲ. ಜೀವ ಉಳಿಸಿದ ಆ ಔಷಧಿ ನಿರೋಧಕ ಶಕ್ತಿಯನ್ನು ಹೆಚ್ಚಿಸುವಂಥದ್ದಲ್ಲ, ಇಳಿಸುವಂಥದ್ದು. ಅದೂ ಸರಿಯಾದ ಹೊತ್ತಿಗೆ ಕೊಟ್ಟರೆ ಮಾತ್ರ. ಅದೇ ದಿನಗಳಲ್ಲಿ ನಮ್ಮ ಮನೆಮನೆಗಳಲ್ಲಿ ಮೆಣಸು ಶುಂಠಿಯ ಕಷಾಯವನ್ನು ದಿನಕ್ಕೆ ನಾಲ್ಕೈದು ಬಾರಿ ಕುಡಿದು ಅಮ್ಲಪಿತ್ತ, ಬಾಯಿಹುಣ್ಣು ತರಿಸಿಕೊಂಡು ಬಂದವರನ್ನು ಉಪಚರಿಸುವುದೇ ನಮಗೊಂದು ಕೆಲಸವಾಗಿತ್ತು.

ಖಾನಾಪುರ ತಾಲ್ಲೂಕಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ವೈರಾಣು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಪಶ್ಚಿಮ ಘಟ್ಟದ ಗುಂಟ ಉತ್ತರಕ್ಕೆ ಸರಿಯುತ್ತ 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನ ಪಾಳಿ ಗ್ರಾಮದಲ್ಲೂ 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ ತಾಲ್ಲೂಕಿನಲ್ಲೂ ಅದು ಕಾಣಿಸಿಕೊಂಡಿತು. ಎರಡೂ ನಮ್ಮ ಗಡಿಗೆ ಅಂಟಿದ ಪ್ರದೇಶಗಳು. ಬೆಳಗಾವಿ ಜಿಲ್ಲೆಯಿಂದ ಗೋಡಂಬಿ ತೋಟಗಳ ಕೆಲಸಕ್ಕೆಂದು ಗಡಿ ದಾಟಿ ಹೋಗಿದ್ದ ಕಾರ್ಮಿಕರಲ್ಲೂ ಸೋಂಕು ಕಂಡುಬಂತು. ಈ ರೋಗವನ್ನು ಗುಣಪಡಿಸುವ ನಿರ್ದಿಷ್ಟ ಔಷಧಿ ಇಲ್ಲ. ಆದರೂ ಸೋಂಕಿತರಲ್ಲಿ ಬಹುಪಾಲು ಜನ ಎರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ಜ್ವರ ಬಿಟ್ಟು ಕೆಲವು ದಿನಗಳಾದ ಮೇಲೆ ಮತ್ತೆ ಜ್ವರ ಬಂದು ತಲೆನೋವು, ಕೈನಡುಕ, ಬುದ್ಧಿಭ್ರಮಣೆ ಕಾಣಿಸಿಕೊಳ್ಳುತ್ತದೆ. ಕಾಡಿನಂಚಿನಲ್ಲಿ ಜ್ವರ ಬಂದವರು ಮೊದಲ ಜ್ವರ ಬಿಟ್ಟಿತೆಂದು ಕೂಡಲೇ ಕೆಲಸಕ್ಕೆ ಹೋಗಬಾರದು, ಎರಡು ಮೂರು ವಾರ ವೈದ್ಯರ ಕಣ್ಗಾವಲಿನಲ್ಲಿರಬೇಕು ಎಂದು ನಾವು ಒತ್ತಾಯಿಸುವುದು ಇದೇ ಕಾರಣದಿಂದ.

ಹೀಗೆ ಬಂದು ಹೋಗುವ ಸೋಂಕಿನಲ್ಲಿ, ವೈರಾಣು ಅಳಿದ ಮೇಲೆ ಸೈನ್ಯವೂ ಚದುರುತ್ತದೆ. ಬೆಳೆದ ಟಿ ಕೋಶಗಳಲ್ಲಿ ನೂರಕ್ಕೆ ತೊಂಬತ್ತರಷ್ಟಾದರೂ ಸಾಯುತ್ತವೆ. ಉಳಿದ ಕೆಲವೇ ಕೋಶಗಳು ತಡೆಗ್ರಾಹಕಗಳನ್ನು ಇಳಿಸಿ, ನೆನಪಿನ ಕೋಶಗಳಾಗಿ ಕಾಯುತ್ತ ಕುಳಿತಿರುತ್ತವೆ. ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಇಂದು ಸಭೆ, ವಸ್ತುಪ್ರದರ್ಶನಗಳ ಮೈದಾನವೆಂದು ಹೆಸರಾಗಿದ್ದರೂ ಅದಕ್ಕೆ ಆ ಹೆಸರು ಬಂದದ್ದು ಅಲ್ಲಿ ತಯಾರಾಗುತ್ತಿದ್ದ ಸಿಡುಬಿನ ಲಸಿಕೆಯಿಂದ. ಎಳವೆಯಲ್ಲಿ ಆ ಲಸಿಕೆ ಹಾಕಿಸಿಕೊಂಡು ತೋಳಿನ ಮೇಲೆ ಗುರುತು ಉಳಿಸಿಕೊಂಡ ನಮ್ಮ ವಯಸ್ಸಿನವರ ರಕ್ತದಲ್ಲಿ ಸಿಡುಬನ್ನು ಗುರುತಿಸಬಲ್ಲ ಟಿ ಕೋಶಗಳು ಹತ್ತಾರು ವರ್ಷಗಳ ನಂತರವೂ ಸಿಗುತ್ತವೆ. ಸನ್ನೆ ಕೊಟ್ಟು, ಸರಿಯಾದ ಹೊತ್ತಿಗೆ ತೆಗೆದ ತೇರಿನ ಮಾತಾಯಿತು ಇದು.

ತೆಗೆಯದೆ ಉಳಿದ ಸನ್ನೆಯ ವಿಚಾರ ಬೇರೆ. ಅದನ್ನು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು, ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ರಫಿ ಅಹ್ಮದ್. ಇಲಿಗಳಿಗೆ ತಗುಲುವ ಒಂದು ವೈರಾಣುವಿನ ಎರಡು ತಳಿಗಳನ್ನು ಅವರು ಬಳಸಿದರು. ಒಂದು ತಳಿಯನ್ನು ಇಲಿಗಳು ಹತ್ತು ದಿನಗಳೊಳಗೆ ಗೆದ್ದುಬಿಡುತ್ತವೆ. ಅದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತೀರ ಅಲ್ಪ. ಆದರೂ ಎರಡನೆಯದು ತಿಂಗಳುಗಟ್ಟಲೆ ದೇಹದಲ್ಲೇ ಬೇರೂರುತ್ತದೆ. ಹಾಗೆ ಬೇರೂರಿದಾಗ ಟಿ ಕೋಶಗಳು ಸಾಯುವುದಿಲ್ಲ. ಅವು ಇರುತ್ತವೆ, ವೈರಾಣುವನ್ನು ಗುರುತಿಸುತ್ತವೆ, ಆದರೆ ಏನೂ ಮಾಡಲಾರವು. ಮೊದಲು ಮರಿ ಹಾಕುವುದನ್ನು ಮರೆಯುತ್ತವೆ, ಬಳಿಕ ಯುದ್ಧರಸಗಳನ್ನು ಒಂದೊಂದಾಗಿ ನಿಲ್ಲಿಸುತ್ತವೆ. ವಿಜ್ಞಾನಿಗಳು ಇದನ್ನು ಕೋಶದ ಬಳಲಿಕೆ ಎಂದು ಕರೆದರು. ಹಗಲಿರುಳೂ ವೈರಾಣುವಿನ ಚೂರುಗಳೇ ಎದುರಾಗುತ್ತಿದ್ದರೆ ತಡೆಗ್ರಾಹಕವನ್ನು ಇಳಿಸಲು ಕೋಶಕ್ಕೆ ಬಿಡುವೇ ಇಲ್ಲ. 2006ರಲ್ಲಿ ಅವರ ತಂಡವು ಪಿ.ಡಿ.-1 ಮತ್ತು ಪಿ.ಡಿ.-ಎಲ್-1 ಕೂಡದಂತೆ ಪ್ರತಿಕಾಯದಿಂದ ಅಡ್ಡಗಟ್ಟಿದಾಗ ಬಳಲಿದ ಕೋಶಗಳು ಮತ್ತೆ ಎದ್ದವು, ವೈರಾಣು ಇಳಿಯಿತು.

ಈ ಶೋಧದ ಅರ್ಧವನ್ನು ಮಾತ್ರ ಹೇಳಿ ನಿಲ್ಲಿಸುವವರೇ ಹೆಚ್ಚು. ಅದೇ ಸಂಶೋಧನೆಯಲ್ಲಿ, ಹುಟ್ಟಿನಿಂದಲೇ ಪಿ.ಡಿ.-ಎಲ್-1 ಇಲ್ಲದ ಇಲಿಗಳಿಗೆ ಆ ಮೊಂಡು ತಳಿಯನ್ನು ತಗುಲಿಸಿದಾಗ ಅವು ವೈರಾಣುವನ್ನು ಗೆಲ್ಲಲಿಲ್ಲ. ತಮ್ಮದೇ ಟಿ ಕೋಶಗಳ ಹೊಡೆತಕ್ಕೆ ಸಿಕ್ಕಿ ಕೆಲವೇ ದಿನಗಳಲ್ಲಿ ಸತ್ತವು. ಬಳಲಿಕೆ ಎಂಬುದು ಬರೀ ಸೋಲಲ್ಲ. ಗೆಲ್ಲಲಾಗದ ಶತ್ರುವಿನೊಡನೆ ಮನೆ ಸುಟ್ಟುಕೊಳ್ಳದೆ ಬಾಳುವ ಒಪ್ಪಂದವೂ ಹೌದು.

ಬೆಳಗಾವಿ ಜಿಲ್ಲೆ ಒಂದು ಕಾಲಕ್ಕೆ ಎಚ್.ಐ.ವಿ. ಸೋಂಕು ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿತ್ತು. ಆ ಸೋಂಕಿನಲ್ಲೂ ಇದೇ ಬಳಲಿಕೆ ಇದೆಯೆಂದು 2006ರಲ್ಲೇ, ದಕ್ಷಿಣ ಆಫ್ರಿಕದ ಡರ್ಬನ್ ನಗರದ ರೋಗಿಗಳ ರಕ್ತವನ್ನು ಪರೀಕ್ಷಿಸಿದವರು ಕಂಡರು: ವೈರಾಣು ಹೆಚ್ಚಿದ್ದಷ್ಟೂ ಅದನ್ನು ಗುರುತಿಸುವ ಟಿ ಕೋಶಗಳ ಮೇಲೆ ಪಿ.ಡಿ.-1 ಹೆಚ್ಚು. ಎ.ಆರ್.ಟಿ. ಔಷಧಿಗಳಿಂದ ವೈರಾಣು ತಗ್ಗಿದವರಲ್ಲಿ ಪಿ.ಡಿ.-1 ಕೂಡ ತಗ್ಗುತ್ತದೆ. ಆಯುರ್ವೇದ ವೈದ್ಯರಾದ ನಾವು ಎಚ್.ಐ.ವಿ. ಸೋಂಕಿತರಿಗೆ ಆ ಗುಳಿಗೆಗಳನ್ನು ಒಂದು ದಿನವೂ ತಪ್ಪಿಸಬೇಡಿರೆಂದು ಹೇಳುವುದನ್ನು ಕೇಳಿ ಆಶ್ಚರ್ಯಪಡುವವರಿದ್ದಾರೆ. ಆಶ್ಚರ್ಯಕ್ಕೆ ಕಾರಣವಿಲ್ಲ. ಬಳಲಿದ ಸೈನಿಕನಿಗೆ ಮೊದಲು ಬೇಕಾದದ್ದು ಬಿಡುವು, ಚಾಟಿಯಲ್ಲ.

ಇನ್ನು ನಾವು ಹೇಳಬೇಕೆಂದುಕೊಂಡ ಮುಖ್ಯ ವಿಚಾರಕ್ಕೆ ಬರುತ್ತೇವೆ. ಅದು ಹೆಪಟೈಟಿಸ್-ಬಿ, ಅಂದರೆ ಯಕೃತ್ತನ್ನು ಹೊಕ್ಕು ಕುಳಿತುಕೊಳ್ಳುವ ವೈರಾಣು.

ಹಳ್ಳಿಗಳಲ್ಲಿ ಕಾಮಾಲೆ ಎಂದರೆ ಒಂದೇ ರೋಗವೆಂಬ ಭಾವನೆಯಿದೆ. ಕಣ್ಣು ಹಳದಿಯಾಯಿತು, ಇಂಥವರ ಮನೆಯಲ್ಲಿ ಸೊಪ್ಪಿನ ರಸ ಕೊಡುತ್ತಾರೆ, ಮೂರು ದಿನ ಬೆಳಿಗ್ಗೆ ಹೋಗಿ ಕುಡಿದು ಬಂದರೆ ಸರಿ, ಎಂಬುದು ವಾಡಿಕೆ. ಬಹುಮಂದಿಗೆ ಸರಿಯೂ ಆಗುತ್ತದೆ. ಮಲಿನವಾದ ನೀರಿನಿಂದ ಬರುವ ಹೆಪಟೈಟಿಸ್-ಎ ಮತ್ತು ಇ ವೈರಾಣುಗಳನ್ನು ಆರೋಗ್ಯವಂತರ ಟಿ ಕೋಶಗಳು ಕೆಲವು ವಾರಗಳಲ್ಲಿ ತಾವೇ ಅಳಿಸಿ ಹಾಕುತ್ತವೆ. ರಸ ಕುಡಿದವರಿಗೂ ಕುಡಿಯದವರಿಗೂ ಗುಣವಾಗುತ್ತದೆ, ಕೀರ್ತಿ ಮಾತ್ರ ಸೊಪ್ಪಿಗೆ ಸಲ್ಲುತ್ತದೆ. ನಮ್ಮ ಮಾತು ಕೆಲವರಿಗೆ ಕಹಿಯೆನಿಸಬಹುದು. ಆದರೆ ನಲವತ್ತು ವರ್ಷಗಳಿಂದ ಗಿಡಮೂಲಿಕೆಗಳನ್ನೇ ನಂಬಿ ಬಾಳಿದ ನಾವಲ್ಲದೆ ಇದನ್ನು ಇನ್ನಾರು ಹೇಳಬೇಕು? ಗರ್ಭಿಣಿಯರಿಗೆ ಬರುವ ಹೆಪಟೈಟಿಸ್-ಇ ಮಾತ್ರ ಪ್ರಾಣಾಂತಕವಾಗಬಲ್ಲದು. ಅವರನ್ನು ರಸ ಕುಡಿಸುತ್ತ ಮನೆಯಲ್ಲಿ ಇಟ್ಟುಕೊಳ್ಳಲೇಬಾರದು.

ಹೆಪಟೈಟಿಸ್-ಬಿ ಬೇರೆಯೇ ಜಾತಿ. ಅದು ರಕ್ತದಿಂದ, ದೇಹಸಂಪರ್ಕದಿಂದ, ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ದಾಸೋಹದ ಪಂಕ್ತಿಯಲ್ಲಿ ಜೊತೆಗೆ ಕುಳಿತು ಉಣ್ಣುವುದರಿಂದ, ಒಂದೇ ಮನೆಯಲ್ಲಿ ಅಡುಗೆ ಮಾಡುವುದರಿಂದ ಹರಡುವುದಿಲ್ಲ. ಯಕೃತ್ತಿನ ಕೋಶವನ್ನು ಹೊಕ್ಕರೂ ಈ ವೈರಾಣು ಅದನ್ನು ತಾನಾಗಿ ಕೊಲ್ಲುವುದಿಲ್ಲ, ಸದ್ದಿಲ್ಲದೆ ವಾಸಿಸುತ್ತದೆ. ಕಣ್ಣು ಹಳದಿಯಾಗುವುದು, ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಶಗಳು ಏರುವುದು, ಇವೆಲ್ಲ ಟಿ ಕೋಶಗಳು ಬಂದು ಸೋಂಕಿತ ಕೋಶಗಳನ್ನು ಕೆಡವತೊಡಗಿದಾಗ ಆಗುವಂಥವು. ವಯಸ್ಕರಿಗೆ ಹೊಸದಾಗಿ ಸೋಂಕು ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿಯಲ್ಲಿ ಟಿ ಕೋಶಗಳು ಗೆಲ್ಲುತ್ತವೆ. ಹೆರಿಗೆಯ ವೇಳೆ ಶಿಶುವಿಗೆ ತಗುಲಿದರೆ ಲೆಕ್ಕ ತಲೆಕೆಳಗಾಗಿ, ನೂರರಲ್ಲಿ ಸುಮಾರು ತೊಂಬತ್ತು ಶಿಶುಗಳಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಎಳೆಯ ದೇಹದ ನಿರೋಧಕ ವ್ಯವಸ್ಥೆ ಅದನ್ನು ಶತ್ರುವೆಂದು ಬಗೆಯುವುದೇ ಇಲ್ಲ. ಮುಂದೆ ಗುರುತಿಸಿದರೂ, ವೈರಾಣು ತನ್ನ ಹೊರಕವಚದ ಖಾಲಿ ಚೂರುಗಳನ್ನು ನಿಜವಾದ ವೈರಾಣುಕಣಗಳಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸುರಿಯುತ್ತಿರುವುದರಿಂದ ಟಿ ಕೋಶಗಳು ಪಿ.ಡಿ.-1ನ್ನು ಹೊತ್ತು ಬಳಲಿ ಕೂರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಇಂಥ ಶಾಶ್ವತ ಸೋಂಕು ಹೊತ್ತವರು 25 ಕೋಟಿಗೂ ಹೆಚ್ಚು. ಅವರಲ್ಲಿ ಸುಮಾರು 3 ಕೋಟಿ ಜನ ನಮ್ಮ ದೇಶದವರು. ಬಹುಪಾಲು ಮಂದಿಗೆ ತಮಗೆ ಸೋಂಕಿರುವುದೇ ತಿಳಿದಿಲ್ಲ.

ಖಾನಾಪುರದ ಕಡೆಯ ಮೂವತ್ತು ದಾಟಿದ ತರುಣರೊಬ್ಬರಿಗೆ ರಕ್ತದಾನ ಶಿಬಿರದಲ್ಲಿ ಕೊಟ್ಟ ರಕ್ತದಿಂದ ಈ ಸೋಂಕು ಪತ್ತೆಯಾಗಿತ್ತು. ತಜ್ಞರು ಟೆನೊಫೊವಿರ್ ಗುಳಿಗೆಯನ್ನು ಬರೆದುಕೊಟ್ಟಿದ್ದರು. ಎಂಟು ತಿಂಗಳು ನುಂಗಿದ ಬಳಿಕ, ಮೈಯಲ್ಲಿ ಯಾವ ತೊಂದರೆಯೂ ಇಲ್ಲವೆಂದು ಅದನ್ನು ಬಿಟ್ಟರು. ಬದಲಿಗೆ, ನಿರೋಧಕ ಶಕ್ತಿ ಹೆಚ್ಚಿಸಿ ವೈರಾಣುವನ್ನು ಬೇರುಸಹಿತ ಕೀಳುತ್ತದೆಂದು ಯಾರೋ ಕೊಟ್ಟ, ಒಳಗೇನಿದೆಯೆಂದು ಬರೆಯದ ಚೂರ್ಣವನ್ನು ಹಿಡಿದರು. ನಾಲ್ಕು ತಿಂಗಳಾದ ಮೇಲೆ ನಮ್ಮ ಮುಂದೆ ಬಂದು ಕುಳಿತಾಗ ಕಣ್ಣು ಅರಿಶಿನದಂತಿತ್ತು, ಹೊಟ್ಟೆಯಲ್ಲಿ ಹಸಿವಿರಲಿಲ್ಲ, ಮಾತು ನಿಧಾನವಾಗಿತ್ತು. ಇನ್ನೂ ಗಟ್ಟಿಯಾದ ರಸಾಯನವನ್ನು ಕೊಡಿರೆಂಬುದು ಅವರ ಬೇಡಿಕೆ. ಮಾತು ನಿಧಾನವಾದದ್ದು ನಮಗೆ ಹಿಡಿಸಲಿಲ್ಲ. ಯಕೃತ್ತು ಕೈ ಬಿಡುವ ಮುನ್ನ ಮಿದುಳು ಮಂಕಾಗುತ್ತದೆ. ಒಂದು ಗುಳಿಗೆಯನ್ನೂ ಕೊಡದೆ ಅದೇ ವಾಹನದಲ್ಲಿ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಮೂರು ವಾರ ಅಲ್ಲಿದ್ದು ಬದುಕಿ ಬಂದರು.

ಆದದ್ದೇನೆಂದರೆ, ಗುಳಿಗೆ ನಿಂತೊಡನೆ ವೈರಾಣು ಮತ್ತೆ ಉಕ್ಕಿತು. ಹಾಗೆ ಉಕ್ಕಿದಾಗ, ಅಷ್ಟುಕಾಲ ಬಿಡುವು ಪಡೆದು ಸ್ವಲ್ಪ ಚೇತರಿಸಿಕೊಂಡಿದ್ದ ಟಿ ಕೋಶಗಳು ಯಕೃತ್ತಿನ ಮೇಲೆ ಒಮ್ಮೆಲೇ ಎರಗುತ್ತವೆ. ಬಿಗಿಯಾಗಿ ನಿಂತಿದ್ದ ತೇರು ಇಳಿಜಾರಿನಲ್ಲಿ ಸನ್ನೆ ಕಳಚಿಕೊಂಡಂತೆ. ಆ ಚೂರ್ಣದ ಪಾತ್ರ ಇದರಲ್ಲಿ ಎಷ್ಟೆಂದು ನಾವು ಊಹಿಸುವುದಿಲ್ಲ. ಗುಳಿಗೆಯನ್ನು ಬಿಡಿಸಿದ್ದೇ ಅದರ ದೊಡ್ಡ ಅಪರಾಧ. ಇಂಥ ಅನಾಮಧೇಯ ಚೂರ್ಣಗಳಲ್ಲಿ ಸ್ಟೀರಾಯ್ಡ್ ಬೆರೆಸುವ ದುಷ್ಟ ಪದ್ಧತಿಯೂ ಉಂಟು. ಅದು ಇನ್ನೊಂದು ಬಗೆಯ ಕೇಡು: ಸ್ಟೀರಾಯ್ಡ್ ಟಿ ಕೋಶಗಳನ್ನು ಮಲಗಿಸುತ್ತದೆ, ವೈರಾಣು ಅಡ್ಡಿಯಿಲ್ಲದೆ ಬೆಳೆಯುತ್ತದೆ, ಚೂರ್ಣ ನಿಂತ ದಿನ ಎದ್ದ ಕೋಶಗಳಿಗೆ ಯಕೃತ್ತಿನ ತುಂಬ ಶತ್ರುಗಳೇ ಕಾಣುತ್ತಾರೆ.

ಹಾಗಾದರೆ ಕ್ಯಾನ್ಸರಿಗೆ ಬಳಸುವ ಪಿ.ಡಿ.-1 ತಡೆಯನ್ನು ಬಿಡಿಸುವ ಚುಚ್ಚುಮದ್ದನ್ನು ಇಲ್ಲಿಯೂ ಕೊಡಬಾರದೇಕೆ ಎಂದು ಕೇಳಬಹುದು. ನಿವೊಲುಮಾಬ್ ಎಂಬ ಆ ಔಷಧಿಯನ್ನು ಹೆಪಟೈಟಿಸ್-ಬಿ ಇರುವ ಕೆಲವೇ ಮಂದಿಗೆ ಕೊಟ್ಟು ನೋಡಿದ ಸಣ್ಣ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಒಬ್ಬರಲ್ಲಿ ವೈರಾಣುವಿನ ಕವಚದ ಅಂಶ ರಕ್ತದಿಂದ ಪೂರ್ತಿ ಮಾಯವಾಯಿತು. ಅದಕ್ಕೆ ಮುನ್ನ ಅವರ ಯಕೃತ್ತಿನ ಅಂಶಗಳು ಬಹಳ ಏರಿದ್ದವು. ಇದು ಇನ್ನೂ ಚಿಕಿತ್ಸೆಯಾಗಿಲ್ಲ. ಕ್ಯಾನ್ಸರಿಗಾಗಿ ಈ ಔಷಧಿಗಳನ್ನು ಪಡೆಯುವವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೆ ಭೇದಿ, ಉಬ್ಬಸ, ಕಾಮಾಲೆ ಕಂಡರೆ ಅದು ಅಜೀರ್ಣವೆಂದು ಸುಮ್ಮನಿರದೆ ಅಂದೇ ಕ್ಯಾನ್ಸರ್ ತಜ್ಞರಿಗೆ ತಿಳಿಸಬೇಕು. ಸನ್ನೆ ತೆಗೆದ ಟಿ ಕೋಶಗಳು ಕರುಳನ್ನೂ ಶ್ವಾಸಕೋಶವನ್ನೂ ಯಕೃತ್ತನ್ನೂ ಹೊಡೆಯಬಲ್ಲವು.

ನಮ್ಮ ಮೂಲಿಕೆಗಳಿಂದ ಏನೂ ಆಗದೇ ಎಂದು ಕೇಳುವವರಿಗೆ ನೆಲನೆಲ್ಲಿಯ ವೃತ್ತಾಂತವನ್ನು ಹೇಳಬೇಕು. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು, ಹೆಪಟೈಟಿಸ್-ಬಿ ವೈರಾಣುವನ್ನು ಕಂಡುಹಿಡಿದು ನೊಬೆಲ್ ಪಡೆದಿದ್ದ ಬರೂಕ್ ಬ್ಲುಂಬರ್ಗ್ ಅವರೊಡಗೂಡಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ನೆಲನೆಲ್ಲಿಯ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಾಣುವಿನ ಅಂಶ ಮಾಯವಾಗಿತ್ತು. ಹುಸಿ ಔಷಧಿ ಪಡೆದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಆಗಿನ್ನೂ ತರುಣರಾಗಿದ್ದ ನಮ್ಮಂಥವರ ಎದೆ ಉಬ್ಬಿತು. ಆದರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದಾಗ ಆ ಫಲ ಬರಲಿಲ್ಲ. ನೆಲನೆಲ್ಲಿ ಕೆಟ್ಟ ಗಿಡವಲ್ಲ, ನಾವು ಈಗಲೂ ಬಳಸುತ್ತೇವೆ. ಟೆನೊಫೊವಿರ್ ಬದಲಿಗೆ ಬಳಸುವುದಿಲ್ಲ. ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಇದೆ. ಇಂಥ ಮೂಲಿಕೆಗಳ ಬಗ್ಗೆ ಒರೆಗೆ ಹಚ್ಚಿ ಹೇಳುವ ಕೆಲಸ ಅಂಥಲ್ಲಿ ನಡೆಯಬೇಕೇ ಹೊರತು ಸಂತೆಯ ಧ್ವನಿವರ್ಧಕದಲ್ಲಲ್ಲ.

ಅಮೃತಬಳ್ಳಿಯದು ಇನ್ನೂ ಸೂಕ್ಷ್ಮವಾದ ವಿಚಾರ. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು, ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಊತವನ್ನು ವರದಿ ಮಾಡಿದರು. ದೇಹದ ಸೈನ್ಯ ದೇಹವನ್ನೇ ಹೊಡೆದಂಥ ಲಕ್ಷಣ ಅದರಲ್ಲಿತ್ತು. ಆಯುಷ್ ಸಚಿವಾಲಯವು ಅದನ್ನು ಒಪ್ಪದೆ, ಬಳಸಿದ ಗಿಡ ಅದನ್ನೇ ಹೋಲುವ ಬೇರೆ ಬಳ್ಳಿಯಾಗಿರಬಹುದೆಂದಿತು. ಗಿಡ ತಪ್ಪಾಗಿರುವ ಸಂಭವವನ್ನು ನಾವು ತಳ್ಳಿಹಾಕುವುದಿಲ್ಲ. ಸಂತೆಯಲ್ಲಿ ಬಳ್ಳಿಯ ತುಂಡನ್ನು ನೋಡಿ ಜಾತಿ ಹೇಳುವುದು ನಮಗೂ ಕಷ್ಟ. ಆದರೆ ಥೈರಾಯ್ಡ್ ಊತ, ಆಮವಾತ, ಲೂಪಸ್ ಮೊದಲಾದ ಸ್ವಯಂಪೀಡಕ ರೋಗಗಳುಳ್ಳವರಿಗೂ ಯಕೃತ್ತಿನ ರೋಗವಿದ್ದವರಿಗೂ ಅದನ್ನು ತಿಂಗಳುಗಟ್ಟಲೆ ಕೊಡುವುದನ್ನು ನಾವು ಅಂದಿನಿಂದ ನಿಲ್ಲಿಸಿದ್ದೇವೆ. ಮೇಲೆ 'ಕೆಲವರ ಪಾಲಿಗೆ ಅಪಾಯಕಾರಿ' ಎಂದೆವಲ್ಲ, ಆ ಕೆಲವರು ಇವರು, ಜೊತೆಗೆ ಹೆಪಟೈಟಿಸ್-ಬಿ ಹೊತ್ತವರು, ಕ್ಯಾನ್ಸರಿಗೆ ಪಿ.ಡಿ.-1 ಔಷಧಿ ಪಡೆಯುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು.

ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು 2018ರ ಜುಲೈ 28ರಂದು ಆರಂಭವಾಯಿತು. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಮನೆಯಲ್ಲಿ ಒಬ್ಬರಿಗೆ ಸೋಂಕು ಕಂಡರೆ ತಾಯಿ, ಒಡಹುಟ್ಟಿದವರು, ಪತಿ ಅಥವಾ ಪತ್ನಿ, ಮಕ್ಕಳು ಎಲ್ಲರೂ ಪರೀಕ್ಷಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಸೋಂಕಿದ್ದವರೆಲ್ಲರಿಗೂ ಗುಳಿಗೆ ಬೇಕೆಂದಿಲ್ಲ. ಬೇಕೋ ಬೇಡವೋ ಎಂಬುದನ್ನೂ, ಶುರುಮಾಡಿದ್ದನ್ನು ನಿಲ್ಲಿಸಬಹುದೋ ಇಲ್ಲವೋ ಎಂಬುದನ್ನೂ ತಜ್ಞರೇ ಹೇಳಬೇಕು. ಗುಳಿಗೆ ಬೇಡವೆಂದವರೂ ತಜ್ಞರು ಹೇಳಿದ ಅವಧಿಗೊಮ್ಮೆ ರಕ್ತಪರೀಕ್ಷೆಯನ್ನು ಬಿಡಬಾರದು. ಮದ್ಯವನ್ನಂತೂ ಮುಟ್ಟಲೇಬಾರದು.

ಗರ್ಭಿಣಿಯರಿಗೆ ಈ ಪರೀಕ್ಷೆ ಆಗಲೇಬೇಕು. ಹುಟ್ಟಿದ ಮಗುವಿಗೆ ಹೆಪಟೈಟಿಸ್-ಬಿ ಲಸಿಕೆಯ ಮೊದಲ ಚುಚ್ಚುಮದ್ದು 24 ಗಂಟೆಯೊಳಗೆ ಬೀಳಬೇಕು. ತಾಯಿಗೆ ಸೋಂಕಿದ್ದರೆ ಅದರ ಜೊತೆಗೆ ಸಿದ್ಧಪ್ರತಿಕಾಯದ ಚುಚ್ಚುಮದ್ದೂ ಬೇಕಾಗುತ್ತದೆ. ಅದನ್ನು ಮೊದಲೇ ತರಿಸಿಡಬೇಕಾದ್ದರಿಂದ, ಹೆರಿಗೆ ಖಾನಾಪುರದಲ್ಲಾಗಲಿ ಬೆಳಗಾವಿಯಲ್ಲಾಗಲಿ, ಸೋಂಕಿರುವ ವಿಷಯವನ್ನು ಎಂಟನೆಯ ತಿಂಗಳಿಗೆ ಮುನ್ನವೇ ಆಸ್ಪತ್ರೆಗೆ ತಿಳಿಸಿ, ಪರೀಕ್ಷೆಯ ಚೀಟಿಯನ್ನು ತಾಯಿಕಾರ್ಡಿನೊಳಗೆ ಇಟ್ಟುಕೊಳ್ಳುವುದು.